ಚಪ್ಪಾಳೆ ತಟ್ಟಿದರೆ ಸೇವೆ, ಮನವಿ ಕೊಟ್ಟರೆ ರಾಜಕೀಯ

ಖಾನಾಪುರದ ತಹಶೀಲ್ದಾರರಿಗೆ ಬರೆದ ಒಂದು ಮನವಿ ಪತ್ರ 10 ವರ್ಷದಿಂದ ನನ್ನ ಹತ್ತಿರವೇ ಇದೆ. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಪೆನ್ನು, ಕೆಳಗೆ 34 ಸಹಿ. ಮೊದಲನೆಯ ಸಹಿ ನನ್ನದೇ. ಅದನ್ನು ನಾವು ಕೊಡಲಿಲ್ಲ. ಕೊಡಬಾರದು ಅಂತ ಹೇಳಿದರು.

2015ರ ಜನವರಿ. ನಾನಾಗ ಬೆಳಗಾವಿಯ ಒಂದು ಕಾಲೇಜಿನಲ್ಲಿ ಬಿ.ಕಾಂ ಎರಡನೇ ವರ್ಷ. ಎನ್‌ಎಸ್‌ಎಸ್‌ನ ವಾರ್ಷಿಕ ವಿಶೇಷ ಶಿಬಿರ ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಒಂದು ಸಣ್ಣ ಊರಿನಲ್ಲಿ. ಏಳು ದಿನ ಸರ್ಕಾರಿ ಶಾಲೆಯಲ್ಲಿ ವಾಸ. ಬೆಳಿಗ್ಗೆ ಪ್ರಭಾತ ಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಯಾರಾದರೂ ಬಂದು ಉಪನ್ಯಾಸ, ಸಂಜೆ ಊರವರ ಮುಂದೆ ನಾಟಕ, ಕೋಲಾಟ. ಗಟಾರ ತೋಡಿದೆವು, ಶಾಲೆಗೆ ಸುಣ್ಣ ಹೊಡೆದೆವು. ಆ ಥಂಡಿಯಲ್ಲಿ ಕೈ ಒಡೆದು ರಕ್ತ ಬಂದರೂ ಖುಷಿಯೇ. ಮನೆ ಬಿಟ್ಟು ಏಳು ರಾತ್ರಿ ಹೊರಗೆ ಮಲಗಿದ್ದು ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಅದೇ ಮೊದಲು.

ನಾಲ್ಕನೇ ದಿನ ಮನೆಮನೆ ಸಮೀಕ್ಷೆ. ಶೌಚಾಲಯ ಇದೆಯೇ, ಎಷ್ಟು ಜನ ಓದಿದ್ದಾರೆ ಅಂತ ಕೇಳಿ ಫಾರ್ಮ್ ತುಂಬಬೇಕು. ಊರಿನ ತುದಿಯಲ್ಲಿ ಒಬ್ಬ ಆಯಿ ಫಾರ್ಮನ್ನೇ ನೋಡದೆ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಎದುರಿಗೆ ನೀರಿನ ಟಾಕಿ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅವಳು ಹೇಳಿದ್ದಿಷ್ಟು: ಟಾಕಿ ಕಟ್ಟಿ ಎರಡು ವರ್ಷ ಆತು, ಪೈಪ್ ಜೋಡಿಸಿಲ್ಲ, ಹೆಣ್ಮಕ್ಕಳು ಹಳ್ಳಕ್ಕೇ ಹೋಗಬೇಕು. ಮಳೆಗಾಲದಲ್ಲಿ ನೀರು ನಿಲ್ಲದೆ ಸುರಿಯುವ ಸೀಮೆ ಅದು. ಮಲಪ್ರಭೆ ಹುಟ್ಟುವ ಕಣಕುಂಬಿ ದೂರವೇನಿಲ್ಲ. ಅಂಥಲ್ಲಿ ಜನವರಿಗೇ ಕೊಡ ಹೊತ್ತು ನಡೆಯುತ್ತಿದ್ದರು.

ನಮ್ಮ ವಯಸ್ಸೇ ಅಂಥದ್ದು. ಅವತ್ತು ರಾತ್ರಿ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ಕೂತು ಮನವಿ ಬರೆದೆವು, ಎಲ್ಲರೂ ಸಹಿ ಮಾಡಿದೆವು. ಆರನೇ ದಿನ ನಮ್ಮ ಕಾರ್ಯಕ್ರಮ ಅಧಿಕಾರಿ ಸರ್ ಅದನ್ನು ಓದಿದರು, ಮಡಚಿದರು, ನನ್ನ ಕೈಗೇ ವಾಪಸ್ ಕೊಟ್ಟರು.

"ನೋಡವಾ, ಗಟಾರ ತೋಡ್ರಿ, ಬ್ಯಾಡ ಅನ್ನೂದಿಲ್ಲ. ಎನ್‌ಎಸ್‌ಎಸ್ ಬ್ಯಾನರ್ ಕೆಳಗ ಮನವಿ ಕೊಟ್ರ ಅದು ರಾಜಕೀಯ ಆಗತೈತಿ."

ಸಿಟ್ಟು ಬರಲಿಲ್ಲ. ಸರ್ ಹೇಳಿದ ಮೇಲೆ ಮುಗೀತು ಅಂದುಕೊಂಡೆ.

ಸಿಟ್ಟು ಬಂದದ್ದು ಮುಂದಿನ ತಿಂಗಳು. ಬೆಳಗಾವಿಯಲ್ಲಿ ಒಂದು ಸರ್ಕಾರಿ ಸಮಾರಂಭ. ಕಾಲೇಜಿಗೆ ಎರಡು ಬಸ್ಸು ಬಂದವು. ಬಿಳಿ ಚೂಡಿದಾರ, ಎದೆಗೆ ಎನ್‌ಎಸ್‌ಎಸ್ ಬ್ಯಾಡ್ಜ್ ಹಾಕಿಕೊಂಡು ಹತ್ತಿದೆವು. ವೇದಿಕೆಯ ಎಡಕ್ಕೆ ಖಾಲಿ ಕುರ್ಚಿ ಕಾಣಬಾರದು, ಅದು ನಮ್ಮ ಕೆಲಸ. ಮಂತ್ರಿಗಳು ಎರಡೂವರೆ ತಾಸು ತಡ. ಭಾಷಣದಲ್ಲಿ ವಿರೋಧ ಪಕ್ಷಕ್ಕೆ ಬೈದಾಗಲೆಲ್ಲ ಪಕ್ಕದಲ್ಲಿ ನಿಂತವರೊಬ್ಬರು ಕೈಸನ್ನೆ ಮಾಡುತ್ತಿದ್ದರು, ನಾವು ಚಪ್ಪಾಳೆ. ಕೊನೆಗೆ ಪಲಾವ್ ಪಾಕೀಟು, ಒಂದು ಬಾಳೆಹಣ್ಣು. ಮರುದಿನ ನಮ್ಮ ಡೈರಿಯಲ್ಲಿ 'ಸಮಾಜ ಸೇವೆ: 6 ತಾಸು' ಅಂತ ಬರೆಸಿದರು.

ಅದು ರಾಜಕೀಯ ಅಲ್ಲವಂತೆ.

ಬಾವಿಯ ಕಟ್ಟೆಯ ಮೇಲೆ

ಈ ಲೇಖನ ಬರೆಯಬೇಕು ಅನ್ನಿಸಿದ್ದು ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಹತ್ತಿರ. ಬೆಳಗಾವಿಯವರಿಗೆ ಅದು ವಾಕಿಂಗ್ ಜಾಗ, ವೀರಸೌಧದ ಪಕ್ಕ. 1924ರ ಡಿಸೆಂಬರ್ 26, 27ರಂದು ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಬೇಕೆಂದು ತೋಡಿದ ಬಾವಿ, ಆಗಿನ ಹೆಸರು ಪಂಪಾ ಸರೋವರ. ಅಧಿವೇಶನದ ಬಯಲಿಗೆ ವಿಜಯನಗರ ಅಂತ ಹೆಸರಿಟ್ಟಿದ್ದರು. ಗಾಂಧೀಜಿ ಜೀವನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. 'ಕರ್ನಾಟಕದ ಸಿಂಹ' ಗಂಗಾಧರರಾವ್ ದೇಶಪಾಂಡೆ ಅದರ ಬೆನ್ನೆಲುಬು. ಇದೆಲ್ಲ ಶಾಲೆಯ ಪಾಠದಲ್ಲಿ ಓದಿದ್ದೇ.

ಪಾಠದಲ್ಲಿ ಇಲ್ಲದ್ದು, ಅಥವಾ ನಾನು ಗಮನಿಸದೇ ಹೋದದ್ದು, ಆ ಬಯಲನ್ನು ನಡೆಸಿದ ಹುಡುಗ ಹುಡುಗಿಯರ ಕಥೆ. ಅಷ್ಟು ಸಾವಿರ ಜನಕ್ಕೆ ವಸತಿ, ಊಟ, ಕಾವಲು, ಕಕ್ಕಸು. ಸ್ವಚ್ಛತೆಯ ಹೊಣೆ ಕಾಕಾ ಕಾಲೇಲ್ಕರ್ ಅವರದು. ಮೇಲ್ಜಾತಿಯ ಹುಡುಗರು ಕೈಯಾರೆ ಕಕ್ಕಸು ಬಳಿದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಉಮಾಬಾಯಿ ಕುಂದಾಪುರ ಸುಮಾರು 150 ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರನ್ನಾಗಿ ಕರೆತಂದಿದ್ದರು. 1924ರಲ್ಲಿ, ಅದೂ ಉತ್ತರ ಕರ್ನಾಟಕದಲ್ಲಿ! 2015ರಲ್ಲಿ ನನ್ನ ಅವ್ವನನ್ನು ಏಳು ದಿನದ ಶಿಬಿರಕ್ಕೆ ಒಪ್ಪಿಸಲು ಮೂರು ದಿನ ಬೇಕಾಗಿತ್ತು.

ಈ ದಂಡಿನ ಹಿಂದಿದ್ದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ ಹುಬ್ಬಳ್ಳಿಗೆ ಬಂದವರು. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಅನೇಕರು ಕ್ಷಮೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿ ತಂಡ ಬರೆದುಕೊಡಲಿಲ್ಲ. ಈ ಗಟ್ಟಿತನಕ್ಕೆ ಕಾರಣ ತರಬೇತಿ ಅಂತ ನಾಯಕರಿಗೆ ಅನ್ನಿಸಿತು. ಅದೇ ವರ್ಷದ ಕೊನೆಯ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷ ಜವಾಹರಲಾಲ್ ನೆಹರೂ. ಕವಾಯತು, ಶಿಸ್ತು, ಸಮವಸ್ತ್ರ. ಅಹಿಂಸೆಯ ಪಕ್ಷಕ್ಕೆ ಈ ಸೈನ್ಯದ ಸೋಗು ಯಾಕೆ ಅಂತ ಕಾಂಗ್ರೆಸ್ಸಿನೊಳಗೇ ಗೊಣಗಿದವರಿದ್ದರು. ಬ್ರಿಟಿಷರಿಗಂತೂ ಇದು ಏನು ಅಂತ ಸರಿಯಾಗಿ ಅರ್ಥವಾಗಿತ್ತು. 1932ರಲ್ಲಿ ನಿಷೇಧಿಸಿದರು.

ಆ ಹುಡುಗರೂ ಗಟಾರ ತೋಡಿದರು, ನಾವೂ ತೋಡಿದೆವು. ಅವರು ಸಾಲಿನಲ್ಲಿ ನಿಂತರು, ನಾವೂ ನಿಂತೆವು. ಅವರ ಕವಾಯತು ಸರ್ಕಾರವನ್ನು ಪ್ರಶ್ನಿಸಲು ಬೇಕಾದ ಧೈರ್ಯಕ್ಕಾಗಿ ಇತ್ತು. ನಮ್ಮದು ಯಾತಕ್ಕಾಗಿತ್ತು?

ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 10 ವರ್ಷ ರಾಜ್ಯಸಭೆಯಲ್ಲಿದ್ದರು, ಪದ್ಮಭೂಷಣ ಬಂತು. ಘಟಪ್ರಭಾದಲ್ಲಿ ಅವರು ಬೆಳೆಸಿದ ಆರೋಗ್ಯಧಾಮ ಇಂದಿಗೂ ಇದೆ. ಸೇವಾದಳವೂ ಇದೆ. ಆದರೆ ಅದು ಈಗ ಹೆಚ್ಚಾಗಿ ಕಾಣುವುದು ಧ್ವಜವಂದನೆಯಲ್ಲಿ, ಬಿಳಿ ಟೋಪಿ ಹಾಕಿ ನಾಯಕರಿಗೆ ಸೆಲ್ಯೂಟ್ ಹೊಡೆಯುವ ಸಾಲಿನಲ್ಲಿ. ತಮ್ಮವರೇ ಗದ್ದುಗೆಗೆ ಬಂದ ಮೇಲೆ ಎದುರಾಳಿ ಯಾರು? ಶತಮಾನೋತ್ಸವದ ಹೊತ್ತಿಗೆ ಬೆಳಗಾವಿಯ ತುಂಬ ದೀಪಾಲಂಕಾರ. 2024ರ ಡಿಸೆಂಬರ್ 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡದ್ದರಿಂದ ಮರುದಿನದ ಸಮಾವೇಶ ರದ್ದಾಗಿ, 2025ರ ಜನವರಿ 21ಕ್ಕೆ ನಡೆಯಿತು. ಅವತ್ತು ಕೂಡ ಬಸ್ಸುಗಳು ಸಾಲಾಗಿ ನಿಂತದ್ದನ್ನು ನೋಡಿದೆ. ಯಾವ ಪಕ್ಷದ ಸಮಾವೇಶವಾದರೂ ಬಸ್ಸುಗಳು ನಿಲ್ಲುವ ರೀತಿ ಒಂದೇ.

ಅಜ್ಜನ ಖಾಕಿ ಡ್ರೆಸ್ಸು

ಸೇವಾದಳ ಪಕ್ಷದ್ದು. ಸರ್ಕಾರದ್ದೇ ಆದ ಯುವದಂಡುಗಳ ಕಥೆ ಶುರುವಾಗುವುದು 1948ರ ಎನ್‌ಸಿಸಿ ಕಾಯ್ದೆಯಿಂದ. ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನ ಮೇಲೆ ಬಂದದ್ದು. ಚೀನಾ ಯುದ್ಧದಲ್ಲಿ ಸೋತ ಮರುವರ್ಷ, 1963ರಲ್ಲಿ, ಕಾಲೇಜು ಹುಡುಗರಿಗೆ ಅದನ್ನು ಕಡ್ಡಾಯ ಮಾಡಿದರು.

ನಮ್ಮ ಅಜ್ಜ ಆ ಬ್ಯಾಚಿನವನು. "ಬೂಟು ಯಾವಾಗಲೂ ಒಂದು ಸೈಜ್ ದೊಡ್ಡದು ಕೊಡ್ತಿದ್ರು" ಅನ್ನುತ್ತಾನೆ. "ಸಾವಧಾನ್, ವಿಶ್ರಾಮ್, ಮುಗೀತಂದ್ರ ಉಪ್ಪಿಟ್ಟು. ಉಪ್ಪಿಟ್ಟಿನ ಸಲುವಾಗಿ ದೇಶಭಕ್ತಿ." ನಗೆಚಾಟಿಕೆ ಅವನ ಸ್ವಭಾವ. ಆದರೆ ಅದೇ ಪರೇಡಿನಿಂದ ತನ್ನ ಓಣಿಯ ನಾಲ್ವರು ಸೈನ್ಯಕ್ಕೆ ಹೋದರು ಅಂತಲೂ ಹೇಳುತ್ತಾನೆ. ಕಡ್ಡಾಯ ಬಹಳ ವರ್ಷ ನಡೆಯಲಿಲ್ಲ, 1968ಕ್ಕೆ ಮತ್ತೆ ಐಚ್ಛಿಕವಾಯಿತು.

ಅರವತ್ತರ ದಶಕದ ಕೊನೆ ಅಂದರೆ ದೇಶದ ಕಾಲೇಜುಗಳಲ್ಲಿ ಗಲಾಟೆಯ ಕಾಲ. ಭಾಷೆ, ಫೀಸು, ಆಹಾರದ ಕೊರತೆ, ನಿರುದ್ಯೋಗ. ವಿದ್ಯಾರ್ಥಿಗಳ ಈ ಕಸುವನ್ನು ಎಲ್ಲಿಯಾದರೂ ಹರಿಸಬೇಕಲ್ಲ? ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಎನ್‌ಎಸ್‌ಎಸ್ ಶುರುವಾಯಿತು. ಈಗ ಸುಮಾರು 40 ಲಕ್ಷ ಸ್ವಯಂಸೇವಕರು. ವರ್ಷಕ್ಕೆ 120 ತಾಸಿನಂತೆ ಎರಡು ವರ್ಷಕ್ಕೆ 240 ತಾಸು ಸೇವೆ, ಒಂದು ವಿಶೇಷ ಶಿಬಿರ, ಒಂದು ಸರ್ಟಿಫಿಕೇಟ್. ಓದು ಬಿಟ್ಟ ಹಳ್ಳಿ ಹುಡುಗರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು.

ಈ ಪಟ್ಟಿಗೆ ಎದುರಾಗಿ ಇನ್ನೊಂದು ಘಟನೆ ಇಡಬೇಕು. 1989ರ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳನ್ನು ನಿಲ್ಲಿಸಲಾಯಿತು. ಹೊಡೆದಾಟ, ಹಣ, ಜಾತಿ, ಕೊಲೆ ಕೂಡ ನಡೆದಿದ್ದವು. ಕಾರಣ ಸುಳ್ಳೇನಲ್ಲ. ಆದರೆ ಫಲ ನೋಡಿ: ಈ ಲೇಖನವನ್ನು ಫೋನಿನಲ್ಲಿ ಓದುತ್ತಿರುವ, ಕರ್ನಾಟಕದಲ್ಲೇ ಓದಿದ ನೀವು ಮೊಟ್ಟಮೊದಲು ಮತ ಹಾಕಿದ್ದು ವಿಧಾನಸಭೆಗೋ ಲೋಕಸಭೆಗೋ ಇರಬೇಕು. ನಿಮ್ಮ ಕಾಲೇಜಿನ ಪ್ರತಿನಿಧಿಯನ್ನು ಪ್ರಿನ್ಸಿಪಾಲರು 'ನಾಮಿನೇಟ್' ಮಾಡಿದ್ದರು, ಮಾರ್ಕ್ಸು ನೋಡಿ. ನನಗಂತೂ ಹಾಗೇ ಆಯಿತು. ಸರ್ಕಾರ ಕಾಲೇಜಿನ ಒಂದು ಬಾಗಿಲಿಗೆ ಬೀಗ ಹಾಕಿ, ಪೊರಕೆ ಹಿಡಿದು ಬರುವವರಿಗೆ ಇನ್ನೊಂದು ಬಾಗಿಲು ತೆರೆದಿಟ್ಟಿತು. ಚುನಾವಣೆ ಮತ್ತೆ ತರಬೇಕೆಂಬ ಮಾತು ಆಗಾಗ ಏಳುತ್ತದೆ, ಕೂರುತ್ತದೆ.

ಹೊರಗಿನ ದೇಶಗಳನ್ನು ನೋಡಿದರೆ ನಮ್ಮದು ಬಹಳ ಸೌಮ್ಯ, ಒಪ್ಪುತ್ತೇನೆ. ಹಿಟ್ಲರ್ ತನ್ನ ಯುವದಳವನ್ನು 1936ರಲ್ಲಿ ಕಾನೂನು ಮಾಡಿ ಸರ್ಕಾರದ ಅಂಗವಾಗಿಸಿದ, 1939ರಲ್ಲಿ ಕಡ್ಡಾಯ ಮಾಡಿದ. ಸೋವಿಯತ್‌ನ ಕೊಮ್ಸೊಮೋಲ್ ಸದಸ್ಯತ್ವ ಇಲ್ಲದಿದ್ದರೆ ಮುಂದಿನ ಮೆಟ್ಟಿಲು ಕಷ್ಟವಿತ್ತು. ರಷ್ಯಾದಲ್ಲಿ 2005ರ ಸುಮಾರಿಗೆ ಕ್ರೆಮ್ಲಿನ್ ಬೆಂಬಲದಿಂದ 'ನಾಶಿ' ಅನ್ನುವ ಯುವ ಸಂಘಟನೆ ಎದ್ದಿತ್ತು. ನಮ್ಮಲ್ಲಿ ಗೆರೆ ಅಳಿಸಿಹೋದದ್ದು ಒಂದು ಸಲ, ತುರ್ತು ಪರಿಸ್ಥಿತಿಯಲ್ಲಿ. ಸಂಜಯ್ ಗಾಂಧಿಯ ಯುವ ಕಾಂಗ್ರೆಸ್ ಪಕ್ಷದ ಘಟಕವೋ ಸರ್ಕಾರದ ಕೈಯೋ ಅಂತ ಅಧಿಕಾರಿಗಳಿಗೇ ತಿಳಿಯದಂತಾಗಿತ್ತು. ಎನ್‌ಸಿಸಿ, ಎನ್‌ಎಸ್‌ಎಸ್ ಹಾಗಾಗಲಿಲ್ಲ. ಅವುಗಳ ನಿಯಮದಲ್ಲೇ ರಾಜಕೀಯ ಕೂಡದು ಅಂತಿದೆ, ಅದು ಸಣ್ಣ ಮಾತಲ್ಲ.

ಇದನ್ನೇ ನನಗೆ ಬಿಡಿಸಿ ಹೇಳಿದವರು ನಮ್ಮ ಎನ್‌ಎಸ್‌ಎಸ್ ಸರ್. ಈಗ ನಿವೃತ್ತರು. ಈ ಬರಹಕ್ಕಾಗಿ ಫೋನ್ ಮಾಡಿದ್ದೆ. ಮನವಿ ಪತ್ರ ಅವರಿಗೆ ನೆನಪಿತ್ತು.

"ಆವತ್ತ ನಾ ಹೂಂ ಅಂದಿದ್ರ, ಮರುವರ್ಷ ಯಾವುದೋ ಪಕ್ಷದಾಂವ ಬಂದು, ಸರ್, ನಮ್ಮ ಮನವಿಗೂ ನಿಮ್ಮ ಹುಡುಗೂರ ಸಹಿ ಹಾಕಸ್ರಿ ಅಂತಿದ್ದ. ಆಗ ಏನ್ ಹೇಳ್ಲಿ? ಒಬ್ಬರಿಗೆ ಬಾಗಿಲಾ ತಗದ್ರ ಎಲ್ಲಾರೂ ಬರ್ತಾರವಾ."

ಸರಿ ಅನ್ನಿಸಿತು. ಇಷ್ಟು ವರ್ಷ ಅವರನ್ನು ಅಂಜುಬುರುಕ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಕೇಳಿದೆ, "ಮತ್ತ ಸಮಾರಂಭಕ್ಕ ಬಸ್ಸಿನ್ಯಾಗ ತುಂಬಿಕೊಂಡ ಹೋಗಿದ್ದು, ಸರ್?"

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಅದು ಮ್ಯಾಲಿಂದ ಬಂದಿತ್ತವಾ" ಅಂದರು.

ಬೆಳಗಿನ 5 ಗಂಟೆಯ ರಸ್ತೆ

ಖಾನಾಪುರ ತಾಲೂಕಿನ ಯಾವ ಊರಿಗಾದರೂ ಬೆಳಿಗ್ಗೆ 5ಕ್ಕೆ ಹೋಗಿ, ರಸ್ತೆಯ ಮೇಲೆ ಹುಡುಗರು ಓಡುತ್ತಿರುತ್ತಾರೆ. ಮಿಲಿಟ್ರಿ ಭರ್ತಿಗೆ ತಯಾರಿ. 1600 ಮೀಟರ್ ಓಟ, ಬೀಮ್ ಎಳೆಯುವುದು, ಹಳ್ಳ ಜಿಗಿಯುವುದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದರಿಂದ ಇಲ್ಲಿ ಸೈನ್ಯ ಅನ್ನುವುದು ದೂರದ ಮಾತಲ್ಲ, ಪ್ರತಿ ಓಣಿಗೊಬ್ಬ ನಿವೃತ್ತ ಸುಭೇದಾರ ಸಿಗುತ್ತಾನೆ. ಎನ್‌ಸಿಸಿಗೆ ಈ ಕಡೆ ಹುಡುಗರು ಮುಗಿಬೀಳುವುದೂ ಅದಕ್ಕೇ. ಭರ್ತಿಯಲ್ಲಿ 'ಸಿ' ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಸಿಗುತ್ತದೆ.

ನನ್ನ ಮೌಶಿಯ ಮಗ ಹಾಗೆ ಓಡಿದವನು. ಮೌಶಿಯ ಮನೆ ಖಾನಾಪುರ ಪೇಟೆಯಿಂದ ಸ್ವಲ್ಪ ಹೊರಗೆ. ಎರಡು ಎಕರೆ ಭತ್ತ, ಒಂದು ಎಮ್ಮೆ. ಎನ್‌ಸಿಸಿಯಲ್ಲಿ ಮೂರು ವರ್ಷ, 'ಸಿ' ಸರ್ಟಿಫಿಕೇಟ್, ಗಣರಾಜ್ಯೋತ್ಸವದ ಜಿಲ್ಲಾ ಪರೇಡಿನಲ್ಲಿ ಎರಡು ಸಲ ನಿಂತವನು. ಕೋವಿಡ್‌ನಿಂದಾಗಿ ಎರಡು ವರ್ಷ ಭರ್ತಿ ರ್‍ಯಾಲಿಗಳೇ ಸರಿಯಾಗಿ ನಡೆಯಲಿಲ್ಲ. ಆ ಎರಡು ವರ್ಷವೂ ಅವನು ಓಡುತ್ತಲೇ ಇದ್ದ.

2022ರ ಜೂನ್ 14ಕ್ಕೆ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ನಂತರ ನೂರಕ್ಕೆ 25 ಜನ ಮಾತ್ರ ಕಾಯಂ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ತೆಗೆದುಕೊಂಡು ಮನೆಗೆ. ಪಿಂಚಣಿ ಇಲ್ಲ. ವಯಸ್ಸು ಹದಿನೇಳೂವರೆಯಿಂದ 21. ಕೂಗಾಟವಾದ ಮೇಲೆ ಆ ವರ್ಷಕ್ಕೆ ಮಾತ್ರ 23 ಮಾಡಿದರು. ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿತ್ತು. ನಮ್ಮಲ್ಲಿ ಬೆಂಕಿ ಬೀಳಲಿಲ್ಲ. ಆದರೆ ಬೆಳಗಾವಿ, ಖಾನಾಪುರಗಳಲ್ಲೂ ಹುಡುಗರು ಬೀದಿಗೆ ಬಂದರು. ಖಾನಾಪುರದ ಮೆರವಣಿಗೆಯಲ್ಲಿ ನಮ್ಮ ಹುಡುಗನೂ ಇದ್ದ.

ಅವನು ಹೇಳಿದ ಒಂದು ಮಾತು ನನಗೆ ಮರೆತಿಲ್ಲ. "ಅಕ್ಕಾ, ನಮಗ ಸಾಲಿನ್ಯಾಗ ನಡಿಯೂದು ಬಿಟ್ರ ಬ್ಯಾರೆ ಗೊತ್ತಿಲ್ಲ. ಮೆರವಣಿಗಿನೂ ಮೂರು ಮೂರು ಮಂದಿ ಲೈನ್ ಮಾಡ್ಕೊಂಡ ಹ್ವಾದ್ವಿ. ಘೋಷಣಾ ಹ್ಯಾಂಗ ಕೂಗಬೇಕಂತ ಯಾರಿಗೂ ಬರ್ತಿರಲಿಲ್ಲ. 'ಭಾರತ್ ಮಾತಾ ಕೀ ಜೈ' ಅಂದ್ವಿ, ಅದೊಂದ ಬರ್ತಿತ್ತು."

ಎರಡೇ ದಿನದಲ್ಲಿ ಸೈನ್ಯದ ಹಿರಿಯ ಅಧಿಕಾರಿಗಳು ದಿಲ್ಲಿಯಲ್ಲಿ ಪತ್ರಿಕಾಗೋಷ್ಠಿ ಮಾಡಿದರು. ಬೆಂಕಿ ಹಚ್ಚುವುದರಲ್ಲಿ, ದಾಂಧಲೆಯಲ್ಲಿ ಇರಲಿಲ್ಲ ಅಂತ ಪ್ರತಿಯೊಬ್ಬನೂ ಬರೆದುಕೊಡಬೇಕು, ಪೊಲೀಸ್ ಪರಿಶೀಲನೆ ಆಗುತ್ತದೆ, ಕೇಸ್ ಇದ್ದವರಿಗೆ ಜಾಗವಿಲ್ಲ. ಬೆಂಕಿ ಹಚ್ಚಿದವನನ್ನು ಸೈನ್ಯ ಯಾಕೆ ತೆಗೆದುಕೊಳ್ಳಬೇಕು, ನಿಜ. ಆದರೆ ಸುಮ್ಮನೆ ನಡೆದುಹೋದವನಿಗೂ ಆ ಮಾತು ಮುಟ್ಟಿತು. ಬೆಳಗಾವಿ ಬಂದ್ ಕರೆಯ ದಿನ ನಗರದ ತುಂಬ ಪೊಲೀಸರು. ಮೌಶಿ ಫೋನ್ ಮಾಡಿ, "ಮೆರವಣಿಗಿ ಫೋಟೋದಾಗ ಇವನ ಮಾರಿ ಕಾಣಸ್ತೈತೇನು ನೋಡವಾ, ನಿನಗ ಕಂಪ್ಯೂಟರ್ ಗೊತ್ತೈತಲ್ಲ" ಅಂದಳು. ಆಫೀಸಿನ ಮೀಟಿಂಗ್ ಮಧ್ಯೆ ಕೂತು ಸ್ಥಳೀಯ ಯೂಟ್ಯೂಬ್ ಚಾನೆಲ್‌ಗಳ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಒಂದರಲ್ಲಿ ಕಂಡ. ಬಾಯಿ ತೆರೆದಿದ್ದ, ಕೈ ಮೇಲಿತ್ತು. ಇಲ್ಲ, ಕಾಣಲಿಲ್ಲ ಅಂತ ಮೌಶಿಗೆ ಹೇಳಿದೆ.

ಅದೇ ಹುಡುಗ ಆರು ತಿಂಗಳ ಹಿಂದೆ ಖಾಕಿ ಹಾಕಿ ತ್ರಿವರ್ಣ ಧ್ವಜಕ್ಕೆ ಸೆಲ್ಯೂಟ್ ಹೊಡೆದ ಫೋಟೋ ಮೌಶಿಯ ಮನೆ ಗೋಡೆಯ ಮೇಲಿದೆ. ಅದು ಎಲ್ಲರಿಗೂ ಕಾಣಲಿ ಅಂತ ಹಾಕಿದ್ದು. ಇದು ಯಾರಿಗೂ ಕಾಣದಿರಲಿ ಅಂತ ಹರಕೆ ಹೊತ್ತದ್ದು.

ಕೇಸೇನೂ ಆಗಲಿಲ್ಲ. ಅವನು ಅಗ್ನಿವೀರನಾಗಿ ಆಯ್ಕೆಯಾದ, ತರಬೇತಿ ಬೆಳಗಾವಿಯಲ್ಲೇ. ಈಗ ದೂರದ ಗಡಿಯಲ್ಲಿದ್ದಾನೆ. ಮೊದಲ ಬ್ಯಾಚುಗಳ ನಾಲ್ಕು ವರ್ಷ ಮುಗಿಯುವ ಕಾಲ ಹತ್ತಿರ ಬಂದಿದೆ. 25ರಲ್ಲಿ ತಾನಿರುತ್ತೇನೋ, 75ರಲ್ಲೋ ಅನ್ನುವ ಪ್ರಶ್ನೆಯನ್ನು ಅವನು ಎತ್ತುವುದಿಲ್ಲ. ನಾವೂ ಕೇಳುವುದಿಲ್ಲ. ಎಮ್ಮೆ ಕರು ಹಾಕಿತಾ ಅಂತ ಮಾತಾಡುತ್ತೇವೆ.

ವಾಲಿಬಾಲ್ ನೆಟ್ಟು ಮತ್ತು ಕ್ವಿಜ್

ಖಾನಾಪುರದಲ್ಲಿ ರಾಜಕೀಯ ಇಲ್ಲದ ಯುವಕರು ಅಂತ ಇರುವುದು ಸಾಧ್ಯವೇ ಅಂತ ನನಗೆ ಯಾವಾಗಲೂ ಅನುಮಾನ. ಗಡಿ ತಾಲೂಕು. ನವೆಂಬರ್ 1 ಬಂದರೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಎಂಇಎಸ್‌ನವರ ಕರಾಳ ದಿನ. ಎರಡೂ ಕಡೆ ಮುಂದಿನ ಸಾಲಿನಲ್ಲಿ ಇಪ್ಪತ್ತರ ಹುಡುಗರೇ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಅಂದರೆ ಮತ್ತೊಂದು ಸುತ್ತು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಹೋಗುವ ದಾರಿಯಲ್ಲಿ ಯುವಕ ಮಂಡಳಗಳ ಬೋರ್ಡು ನೋಡುತ್ತ ಹೋಗಿ, ಒಂದು ಕನ್ನಡ, ಒಂದು ಮರಾಠಿ, ಕೆಲವು ಎರಡೂ. ನೋಂದಣಿ ಮಾಡಿಸಿದರೆ ಸರ್ಕಾರದ ಯೋಜನೆಯಲ್ಲಿ ವಾಲಿಬಾಲ್, ನೆಟ್ಟು, ಕ್ರೀಡಾ ಸಾಮಗ್ರಿ ಸಿಗುತ್ತದೆ. ಅದೇ ಮಂಡಳದ ಅಧ್ಯಕ್ಷ ಗಣಪತಿ ಕೂರಿಸುತ್ತಾನೆ, ಎರಡು ವರ್ಷಕ್ಕೆ ಗ್ರಾಮ ಪಂಚಾಯತಿಗೆ ನಿಲ್ಲುತ್ತಾನೆ. ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅನ್ನುವುದು ಕಾಗದದ ಮಾತು. ಯಾರು ಯಾವ ಕಡೆ ಅಂತ ಚಹಾದಂಗಡಿಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಲೆಕ್ಕದಲ್ಲಿ, ಸರ್ಕಾರ ಹುಟ್ಟುಹಾಕಿದ ಯುವ ಸಂಘಟನೆಗಳಲ್ಲಿ ನಿಜವಾಗಿ ರಾಜಕಾರಣಿಗಳನ್ನು ತಯಾರು ಮಾಡುವುದು ಈ ಹಳ್ಳಿಯ ಯುವಕ ಮಂಡಳ. ಅಲ್ಲಿ ಜಗಳ ಬಿಡಿಸಬೇಕು, ಚಂದಾ ಎತ್ತಬೇಕು, ಲೆಕ್ಕ ಕೊಡಬೇಕು. ಹೆಣ್ಣುಮಕ್ಕಳು ಮಾತ್ರ ಆ ನೆಟ್ಟಿನ ಆಚೆ ಕಡೆಯೇ ಉಳಿದಿದ್ದಾರೆ.

ದಿಲ್ಲಿಯ ದಾರಿ ಬೇರೆ. 2023ರ ಅಕ್ಟೋಬರ್ 31ರಂದು 15ರಿಂದ 29ರ ವಯಸ್ಸಿನವರಿಗಾಗಿ 'ಮೇರಾ ಯುವಾ ಭಾರತ್' ಶುರುವಾಯಿತು. ಪೋರ್ಟಲ್‌ನಲ್ಲಿ ನೋಂದಣಿ. 2024ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಗಳು ರಾಜಕೀಯ ಹಿನ್ನೆಲೆ ಇಲ್ಲದ ಮನೆಗಳ 1 ಲಕ್ಷ ಯುವಕರು ರಾಜಕೀಯಕ್ಕೆ ಬರಬೇಕು ಅಂದರು. ಅದರ ಬೆನ್ನಿಗೇ 2025ರ ಜನವರಿಯಲ್ಲಿ ದಿಲ್ಲಿಯ ಭಾರತ ಮಂಟಪದಲ್ಲಿ ಯುವ ನಾಯಕರ ಸಂವಾದ ನಡೆಯಿತು. ಆಯ್ಕೆಗೆ ಮೊದಲು ಆನ್‌ಲೈನ್ ಕ್ವಿಜ್, ನಂತರ ಪ್ರಬಂಧ, ಆಮೇಲೆ ಪ್ರೆಸೆಂಟೇಷನ್. ಕೊನೆಗೂ ಸರ್ಕಾರವೇ ರಾಜಕೀಯಕ್ಕೆ ಬನ್ನಿ ಅಂತ ಕರೆಯಿತಲ್ಲ ಅಂತ ಮೊದಲು ಖುಷಿಯಾಯಿತು. ಆಮೇಲೆ ನಗು ಬಂತು. ನನ್ನ ಕಂಪನಿಯ ಇಂಟರ್‌ವ್ಯೂ ಕೂಡ ಇದೇ ಮೂರು ಹಂತದ್ದು. ಮತ ಕೇಳಿ ಸೋಲುವುದು, ಊರವರ ಬೈಗುಳ ತಿನ್ನುವುದು, ಇವು ಯಾವ ಹಂತದಲ್ಲಿ ಬರುತ್ತವೆ? ಬೆಂಗಳೂರಿನ ಸರ್ಕಾರ ತನ್ನ ಪಾಲಿಗೆ 2024ರ ಜನವರಿ 12ರಂದು ಯುವನಿಧಿ ಕೊಟ್ಟಿತು, ಪದವೀಧರ ನಿರುದ್ಯೋಗಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಖಾತೆಗೆ ಹಣ ಬರುತ್ತದೆ, ಪ್ರಶ್ನೆ ಕೇಳುವ ಜಾಗ ಬರುವುದಿಲ್ಲ. ನನ್ನ ತಕರಾರು ಎರಡೂ ಸರ್ಕಾರಗಳ ಮೇಲೆ ಸಮ ಅಲ್ಲ, ಹಣ ಬೇಕಾದವರಿಗೆ ಹಣ ಸಿಕ್ಕಿತು ಅನ್ನುವುದನ್ನು ನಾನು ಕಡೆಗಣಿಸಲಾರೆ.

ಎನ್‌ಎಸ್‌ಎಸ್ ಮುಚ್ಚಿ, ಎನ್‌ಸಿಸಿ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಏಳು ದಿನ ಇಲ್ಲದಿದ್ದರೆ ನಾನು ಆ ಆಯಿಯ ಟಾಕಿಯನ್ನು ನೋಡುತ್ತಲೇ ಇರಲಿಲ್ಲ. ನೋಡಿದ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಕಲಿಸಿ ಅಂತಷ್ಟೇ. ಗ್ರಾಮಸಭೆ ಯಾವಾಗ ನಡೆಯುತ್ತದೆ, ಅಲ್ಲಿ ಯಾರು ಮಾತಾಡಬಹುದು, ಮಾಹಿತಿ ಹಕ್ಕಿನ ಅರ್ಜಿ ಹೇಗೆ ಬರೆಯುವುದು. ಇದರಲ್ಲಿ ಪಕ್ಷ ಎಲ್ಲಿದೆ? 240 ತಾಸಿನಲ್ಲಿ ಒಂದು ತಾಸು ಇದಕ್ಕೆ ಇರಲಿಲ್ಲ. ಕುರ್ಚಿ ತುಂಬಿಸಲು ಆರು ತಾಸು ಇತ್ತು.

ಹೋದ ದೀಪಾವಳಿಗೆ ನಮ್ಮ ಹುಡುಗ ರಜೆಯ ಮೇಲೆ ಬಂದಿದ್ದ. ಇಬ್ಬರೂ ಬೈಕಿನಲ್ಲಿ ಜಾಂಬೋಟಿ ಕಡೆ ಹೋದೆವು. ಶಾಲೆಗೆ ನಾವು ಹೊಡೆದ ಸುಣ್ಣ ಎಂದೋ ಹೋಗಿ ಈಗ ಬಣ್ಣದ ರೈಲು ಡಬ್ಬಿಯ ಚಿತ್ರ ಬಂದಿದೆ. ಮನೆಗಳ ಮುಂದೆ ಜಲಜೀವನ್ ನಳ ಬಂದಿವೆ, ದಿನ ಬಿಟ್ಟು ದಿನ ನೀರು ಅಂದರು. ಊರಿನ ತುದಿಯ ನಾಲ್ಕು ಮನೆಗೆ ಇನ್ನೂ ಇಲ್ಲ. ಟಾಕಿ ಹಾಗೇ ಇದೆ, ಪಾಚಿ ಕಟ್ಟಿದೆ. ಆ ಆಯಿ ತೀರಿಕೊಂಡು ಮೂರು ವರ್ಷವಾಯಿತಂತೆ.

ನಾವು ಟಾಕಿಯ ಫೋಟೋ ತೆಗೆಯುವುದನ್ನು ಕಂಡು ಒಬ್ಬ ಯುವಕ ಬಂದ. ಅಲ್ಲಿಯ ಯುವಕ ಮಂಡಳದವನು, ಶಿಬಿರ ನಡೆದಾಗ ಆರನೇ ಕ್ಲಾಸಿನಲ್ಲಿದ್ದನಂತೆ. ನಮ್ಮ ಕೋಲಾಟ ನೆನಪಿದೆ ಅಂದ. ಮನವಿಯ ಕಥೆ ಹೇಳಿದೆ. ಅವನಿಗೆ ನಗು ಬರಲಿಲ್ಲ.

"ಅಕ್ಕಾರ, ಆ ಹಾಳಿ ಇನ್ನೂ ಅದ ಏನ್ರಿ? ಅದರದ್ದೊಂದು ಫೋಟೋ ವಾಟ್ಸಾಪ್ ಮಾಡ್ರಿ. 2015ರಾಗನ ಬರದಿದ್ರು ಅಂತ ಗ್ರಾಮಸಭೆದಾಗ ತೋರಸ್ತೀನಿ."

"ಅದು ತಹಶೀಲ್ದಾರರಿಗೆ ಬರೆದಿದ್ದು, ಕೊಟ್ಟಿಲ್ಲ" ಅಂದೆ.

"ಇರ್ಲಿ ಬಿಡ್ರಿ, ತಾರೀಖು ಅದ ಅಲ್ರಿ" ಅಂದ.

ಅವನ ನಂಬರ್ ತೆಗೆದುಕೊಂಡೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಹುಡುಗ ಟಾಕಿಯ ಸುತ್ತ ಒಂದು ಸುತ್ತು ಬಂದು, ಪೈಪ್ ಜೋಡಿಸಲು ಎಷ್ಟು ಮೀಟರ್ ಬೇಕಾಗಬಹುದು ಅಂತ ಹೆಜ್ಜೆ ಹಾಕಿ ಎಣಿಸುತ್ತಿದ್ದ.